ಊರಿನ ಶಾಲೆಯನ್ನು ಬಿಟ್ಟುಹೋದ ಊರು

ಮೈಸೂರು ಜಿಲ್ಲೆಯ 11 ವಿಧಾನಸಭಾ ಕ್ಷೇತ್ರಗಳಲ್ಲಿ ಪರಿಶಿಷ್ಟ ಜಾತಿಗೆ ಮೀಸಲಾಗಿರುವವು ಎರಡು: ನಂಜನಗೂಡು ಮತ್ತು ತಿ. ನರಸೀಪುರ. ದಲಿತರು ಇಷ್ಟು ದೊಡ್ಡ ಸಂಖ್ಯೆಯಲ್ಲಿರುವ ಈ ಸೀಮೆಯ ಹಳ್ಳಿಗಳಲ್ಲಿ ಬೆಳಿಗ್ಗೆ ಕಾನ್ವೆಂಟಿನ ವ್ಯಾನು ಊರೊಳಗಿನ ಮಕ್ಕಳನ್ನು ಹತ್ತಿಸಿಕೊಂಡು ಹೋದ ಮೇಲೆ ಸರ್ಕಾರಿ ಶಾಲೆಗೆ ಉಳಿಯುವವರು ಹೆಚ್ಚಾಗಿ ಕೇರಿಯ ಮಕ್ಕಳು. ಮೈಸೂರು ಸಂಸ್ಥಾನದಲ್ಲಿ ದಲಿತ ಮಕ್ಕಳಿಗೆಂದೇ ಪಂಚಮ ಶಾಲೆಗಳಿದ್ದವು. ಸುಮಾರು ನೂರು ವರ್ಷಗಳ ಹಿಂದೆ, ಸಿ.ಆರ್. ರೆಡ್ಡಿಯವರು ಶಿಕ್ಷಣ ಇಲಾಖೆಯ ಹೊಣೆ ಹೊತ್ತಿದ್ದ ಕಾಲದಲ್ಲಿ, ಸರ್ಕಾರಿ ಶಾಲೆಯ ಬಾಗಿಲು ಎಲ್ಲ ಜಾತಿಗಳಿಗೂ ತೆರೆಯಿತು. ಸಿಟ್ಟಾದ ಮೇಲ್ಜಾತಿಯವರು ಕೆಲವೆಡೆ ಮಕ್ಕಳನ್ನು ಬಿಡಿಸಿಕೊಂಡರು. ಆದರೆ ಹಳ್ಳಿಗೆ ಇದ್ದದ್ದು ಒಂದೇ ಶಾಲೆ. ಓದಬೇಕೆಂದರೆ ಅಲ್ಲೇ ಕೂರಬೇಕಿತ್ತು. ಈಗ ಆ ಕಟ್ಟು ಇಲ್ಲ. ಜಾತಿಯ ಹೆಸರೆತ್ತದೆ, ಬರೀ ಶುಲ್ಕದ ರಸೀದಿಯಲ್ಲೇ ಮಕ್ಕಳು ಬೇರೆ ಬೇರೆಯಾಗುತ್ತಿದ್ದಾರೆ. ಜಮೀನು ಯಾರ ಕೈಯಲ್ಲಿತ್ತೋ ಶುಲ್ಕ ಕಟ್ಟುವ ಶಕ್ತಿಯೂ ಬಹುಪಾಲು ಅವರಲ್ಲೇ ಇರುವ ನಾಡಿನಲ್ಲಿ ಇದು ಬರೀ ಬಡವ ಬಲ್ಲಿದರ ಭೇದವಲ್ಲ.

ಅಮೆರಿಕದಲ್ಲಿ ಇದೇ ಕೆಲಸ ಮುಚ್ಚುಮರೆಯಿಲ್ಲದೆ ನಡೆಯಿತು. ಬಿಳಿಯರಿಗೂ ಕರಿಯರಿಗೂ ಬೇರೆ ಬೇರೆ ಶಾಲೆ ಕೂಡದೆಂದು 1954ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅದಕ್ಕೆ ಮಣಿಯದೆ ವರ್ಜೀನಿಯಾದ ಪ್ರಿನ್ಸ್ ಎಡ್ವರ್ಡ್ ಕೌಂಟಿ 1959ರಲ್ಲಿ ತನ್ನ ಸಾರ್ವಜನಿಕ ಶಾಲೆಗಳಿಗೇ ಬೀಗ ಹಾಕಿತು. ಬಿಳಿಯರ ಮಕ್ಕಳಿಗೆ ಹೊಸ ಖಾಸಗಿ ಶಾಲೆ ಶುರುವಾಯಿತು. ಕರಿಯರ ಮಕ್ಕಳಿಗೆ 1964ರವರೆಗೆ ಊರಲ್ಲಿ ಸಾರ್ವಜನಿಕ ಶಾಲೆಯೇ ಇರಲಿಲ್ಲ. ನಮ್ಮ ಕಾನ್ವೆಂಟುಗಳು ದಲಿತರನ್ನು ದೂರವಿಡಲೆಂದು ಹುಟ್ಟಿದವಲ್ಲ, ಆ ಆರೋಪ ಹೊರಿಸುವುದು ಅನ್ಯಾಯ. ಸುತ್ತೂರಿನಲ್ಲಿ ಮಠದ ಉಚಿತ ವಸತಿ ಶಾಲೆ ಎಲ್ಲ ಜಾತಿಯ ಬಡ ಮಕ್ಕಳಿಗೂ ಊಟ, ಪಾಠ ಕೊಡುತ್ತಿದೆ. ಆದರೂ ಬಿಟ್ಟುಹೋಗುವ ದಾರಿ ತೆರೆದಿದ್ದಾಗ ಕಾರಣಗಳು ಹೇಗೆ ಒಂದರೊಳಗೊಂದು ಬೆರೆಯುತ್ತವೆ ನೋಡಿ. ನಂಜನಗೂಡಿಗೆ ಹೊಂದಿಕೊಂಡ ಚಾಮರಾಜನಗರ ತಾಲ್ಲೂಕಿನ ಹೊಮ್ಮದಲ್ಲಿ, ದಲಿತ ಮಹಿಳೆ ಬಿಸಿಯೂಟದ ಮುಖ್ಯ ಅಡುಗೆಯವರಾದ ಮೇಲೆ ಪೋಷಕರು ಮಕ್ಕಳ ಟಿಸಿ ಪಡೆದರೆಂದು 2025ರ ಜೂನ್‌ನಲ್ಲಿ ವರದಿಯಾಯಿತು. ಕಲಿಕೆ ಚೆನ್ನಾಗಿಲ್ಲ ಎಂಬ ಕಾರಣವೂ ಜೊತೆಗೇ ಕೇಳಿಬಂತು. ಯಾವುದು ನಿಜ ಎಂದು ಟಿಸಿಯಲ್ಲಿ ಬರೆದಿರುವುದಿಲ್ಲ.

ಇಂಗ್ಲಿಷ್ ಬೇಕು, ಒಳ್ಳೆಯ ಪಾಠ ಬೇಕು, ಅದಕ್ಕೇ ಹೋಗುತ್ತೇವೆ ಎನ್ನುವ ಪೋಷಕರ ಮಾತು ಸುಳ್ಳಲ್ಲ. ಸಾಲ ಮಾಡಿ ಕಾನ್ವೆಂಟಿಗೆ ಕಳಿಸುವ ದಲಿತ ತಂದೆತಾಯಿಯೂ ಇದ್ದಾರೆ. ಉದ್ದೇಶ ಶುದ್ಧವಾಗಿದ್ದರೂ, ಒಂದೇ ಊರಿನ ಮಕ್ಕಳು ಹತ್ತು ವರ್ಷ ಒಬ್ಬರ ಪಕ್ಕ ಒಬ್ಬರು ಕೂರದೆ ಬೆಳೆಯುತ್ತಾರೆ ಎಂಬುದು ಮಾತ್ರ ಬದಲಾಗದು. ಇದನ್ನು ಕಂಡೇ 2009ರ ಶಿಕ್ಷಣ ಹಕ್ಕು ಕಾಯ್ದೆ ಖಾಸಗಿ ಶಾಲೆಯಲ್ಲಿ ಬಡ ಹಾಗೂ ಅವಕಾಶವಂಚಿತ ಮಕ್ಕಳಿಗೆ ಶೇ 25 ಸೀಟು ಕಾದಿರಿಸಿತು. 2012ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಸೀಟು ಕೊಡಬೇಕಿಲ್ಲ ಎಂದು ಕರ್ನಾಟಕ ನಿಯಮ ತಿದ್ದಿತು. 2019ರಲ್ಲಿ ಹೈಕೋರ್ಟ್ ಒಪ್ಪಿತು. ಸರ್ಕಾರದ ಹಣ ಖಾಸಗಿಗೆ ಸುರಿದು ಸರ್ಕಾರಿ ಶಾಲೆ ಬರಿದಾಗುತ್ತಿದೆ ಎಂಬ ವಾದದಲ್ಲಿ ಹುರುಳಿತ್ತು. ಆದರೆ ಫಲ ಅರ್ಧ ಮಾತ್ರ. ಬಡವರ ಮಕ್ಕಳು ಸರ್ಕಾರಿ ಶಾಲೆಗೆ ಮರಳಿಯಾರು. ಶುಲ್ಕ ಕಟ್ಟುವವರನ್ನು ಮರಳಿಸುವ ಒಂದು ಅಕ್ಷರವೂ ತಿದ್ದುಪಡಿಯಲ್ಲಿರಲಿಲ್ಲ. ಹೀಗೆ ಇದ್ದೊಂದು ಕಿಂಡಿಯೂ ಬಹುತೇಕ ಮುಚ್ಚಿತು.

ನೆರೆಹೊರೆಯ ಮಕ್ಕಳೆಲ್ಲ ಒಂದೇ ಶಾಲೆಗೆ ಬರಬೇಕೆಂದು 1966ರಲ್ಲೇ ಕೊಠಾರಿ ಆಯೋಗ ಹೇಳಿತ್ತು. ನಂಜನಗೂಡು ತಾಲ್ಲೂಕಿನ ದೇವನೂರಿನಲ್ಲಿ ಹುಟ್ಟಿದ ದೇವನೂರ ಮಹಾದೇವ ಸಮಾನ ಶಿಕ್ಷಣಕ್ಕಾಗಿ ಒತ್ತಾಯಿಸುತ್ತಲೇ ಬಂದಿದ್ದಾರೆ. ಅಂಥ ಶಾಲೆ ಬಲವಂತದಿಂದ ಬರುವುದಿಲ್ಲ ಎನ್ನುವವರು ಮೊದಲ ಹೆಜ್ಜೆಗಾದರೂ ಅಡ್ಡ ಬರಬಾರದು. ಯಾವ ಶಾಲೆಯಲ್ಲಿ ಯಾವ ಸಮುದಾಯದ ಎಷ್ಟು ಮಕ್ಕಳಿದ್ದಾರೆ ಎಂಬ ಲೆಕ್ಕ ಶಿಕ್ಷಣ ಇಲಾಖೆಯ ಬಳಿ ಪ್ರತಿ ವರ್ಷವೂ ಇರುತ್ತದೆ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು (ಬಿಇಒ) ಮಕ್ಕಳ ಹೆಸರಿಲ್ಲದೆ, ಬರೀ ಸಂಖ್ಯೆಯಾಗಿ, ಸರ್ಕಾರಿ ಮತ್ತು ಖಾಸಗಿ ಶಾಲೆಗಳ ಆ ಲೆಕ್ಕವನ್ನು ಗ್ರಾಮಸಭೆಯ ಮುಂದಿಡಲಿ. ಶಿಕ್ಷಕರ ಖಾಲಿ ಹುದ್ದೆಗಳ ಪಟ್ಟಿಯೂ ಅದರ ಜೊತೆಗೇ ಇರಲಿ.