ಎಲ್ಲ ಸದ್ದಿಗೂ ಎಸ್‌ಎಂಪಿಎಸ್ ಹೊಣೆಯಲ್ಲ

ಮನೆಯಲ್ಲೇ ಜೋಡಿಸಿದ ಕಂಪ್ಯೂಟರ್ ಸದ್ದು ಮಾಡಿದರೆ ಅಂಗಡಿಯವರದು ಒಂದೇ ಮಾತು: ‘ಎಸ್‌ಎಂಪಿಎಸ್ ಹೋಗಿದೆ, ಹೊಸದು ಹಾಕಿಸಿ.’ ಲ್ಯಾಮಿಂಗ್ಟನ್ ರಸ್ತೆಯಲ್ಲಿ ನಾನೂ ಈ ಮಾತು ನಂಬಿ ದುಡ್ಡು ಸುರಿದಿದ್ದೇನೆ. ಹೊಸದು ಬಂದ ಮೇಲೂ ಕೀರಲು ದನಿ ಹಾಗೇ ಇತ್ತು.

ಬದಲಾಯಿಸುವ ಮೊದಲು ಕಿವಿಗೊಟ್ಟು ಕೇಳಬೇಕು ಎಂಬುದು ನನ್ನ ವಾದ. ಗರಗರ, ಟಕಟಕ ಎಂದರೆ ಫ್ಯಾನು: ಬೇರಿಂಗ್ ಸವೆದಿರುತ್ತದೆ, ಇಲ್ಲವೇ ವೈರೊಂದು ರೆಕ್ಕೆಗೆ ತಾಗುತ್ತಿರುತ್ತದೆ. ‘ಕೀ’ ಎಂಬ ತೆಳ್ಳನೆಯ ಸದ್ದು ಕಾಯಿಲ್‌ನದು. ಕರೆಂಟು ಏರಿಳಿದಂತೆ ತಂತಿಸುರುಳಿ ಕಂಪಿಸುತ್ತದೆ, ಲೋಡ್ ಬದಲಾದರೆ ಶ್ರುತಿಯೂ ಬದಲು. ಕಿವಿಗೆ ಕಿರಿಕಿರಿ, ಯಂತ್ರಕ್ಕೆ ಸಾಮಾನ್ಯವಾಗಿ ಅಪಾಯವಿಲ್ಲ. ರಟ್ಟಿನ ಕೊಳವೆಯೊಂದನ್ನು ಕಿವಿಗಿಟ್ಟು ಹುಡುಕಿದಾಗ ನಮ್ಮಲ್ಲಿ ಹಾಡುತ್ತಿದ್ದದ್ದು ಗ್ರಾಫಿಕ್ಸ್ ಕಾರ್ಡ್! ಮಗನ ಆಟದ ಮೆನು ಸುಮ್ಮನೆ ಸೆಕೆಂಡಿಗೆ ನೂರಾರು ಫ್ರೇಮ್ ಬಿಡಿಸುತ್ತಿತ್ತು. 60ಕ್ಕೆ ಮಿತಿ ಹಾಕಿದೆ, ಸದ್ದಡಗಿತು. ಖರ್ಚು ಸೊನ್ನೆ.

ಪೆಟ್ಟಿಗೆಯ ಮೇಲಿನ ‘80 ಪ್ಲಸ್ ಗೋಲ್ಡ್’ ನೋಡಿ ಮೌನ ಕೊಂಡೆವೆಂದುಕೊಳ್ಳಬೇಡಿ; ಅದು ದಕ್ಷತೆಯ ಗುರುತು, ಸದ್ದಿನದಲ್ಲ.

ಎಸ್‌ಎಂಪಿಎಸ್‌ನ ಫ್ಯಾನೇ ಕೆಟ್ಟಿದ್ದರೂ ಆ ಡಬ್ಬಿ ಬಿಚ್ಚಬೇಡಿ. ಯೂಟ್ಯೂಬ್ ವೀರರು ಬಿಚ್ಚಿ ಎಣ್ಣೆ ಬಿಡುತ್ತಾರೆ, ಬಿಡಲಿ. ಗೋಡೆಯ 230 ವೋಲ್ಟ್ ಒಳಗೆ 300ಕ್ಕೂ ಮೀರಿದ ಡಿಸಿ ಆಗಿ ಕೆಪಾಸಿಟರ್‌ನಲ್ಲಿ ಕೂತಿರುತ್ತದೆ, ಪ್ಲಗ್ ಕಿತ್ತ ಮೇಲೂ. ವಾರಂಟಿ ಇದ್ದರೆ ಕೇಳಿ ಪಡೆಯಿರಿ. ಇಲ್ಲವಾದರೆ ಹೊಸದಕ್ಕೆ ದುಡ್ಡು ಕೊಡಿ, ತಪ್ಪಿಲ್ಲ. ಸುಟ್ಟ ವಾಸನೆ ಬಂದರೆ ಮಾತ್ರ ಕೊಳವೆ ಹಿಡಿದು ಕೂರಬೇಡಿ, ಮೊದಲು ಗೋಡೆಯ ಸ್ವಿಚ್ ಆರಿಸಿ.