ಇಪ್ಪತ್ತು ಸಾವಿರಕ್ಕೆ ಯಾವ ಕಂಪ್ಯೂಟರ್?

ಕಾಲೇಜು ಶುರುವಾಗುವ ದಿನಗಳಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಲ್ಲಿ ಪದೇ ಪದೇ ಕೇಳಿಬರುವ ಮಾತು ಒಂದೇ: ‘ಮಗಳಿಗೆ ಒಂದು ಲ್ಯಾಪ್‌ಟಾಪ್ ಬೇಕಿತ್ತು, ಇಪ್ಪತ್ತು ಸಾವಿರದೊಳಗೆ ತೋರಿಸಿ.’ ಅಷ್ಟು ದುಡ್ಡಿಗೆ ಒಳ್ಳೆಯ ಹೊಸ ಲ್ಯಾಪ್‌ಟಾಪ್ ಸಿಗುವುದು ಕಷ್ಟ. ಹಾಗಾಗಿ ಅಂಗಡಿಯವರು ರಿಫರ್ಬಿಷ್ಡ್ ಲ್ಯಾಪ್‌ಟಾಪ್‌ಗಳ ಸಾಲು ತೋರಿಸುತ್ತಾರೆ. ಡೆಸ್ಕ್‌ಟಾಪಿನ ಮಾತು ಬರುವುದೇ ಅಪರೂಪ. ಬರಬೇಕಾದದ್ದು ಅದೇ ಮಾತು. ಮನೆಯ ಹೊಸಿಲು ದಾಟದ ಕಂಪ್ಯೂಟರಿಗಾಗಿ ಇಷ್ಟು ಸಣ್ಣ ಬಜೆಟ್ಟಿನಲ್ಲಿ ಲ್ಯಾಪ್‌ಟಾಪ್ ಕೊಳ್ಳುವ ಕುಟುಂಬ, ಇರುವ ದುಡ್ಡಿಗೆ ಸಿಗಬಹುದಾಗಿದ್ದ ಒಳ್ಳೆಯ ಯಂತ್ರವನ್ನು ಕಳೆದುಕೊಳ್ಳುತ್ತದೆ.

ರಿಫರ್ಬಿಷ್ಡ್ ಲ್ಯಾಪ್‌ಟಾಪ್, ಡೆಸ್ಕ್‌ಟಾಪ್ ಎರಡೂ ಬರುವುದು ಒಂದೇ ಮೂಲದಿಂದ. ಐಟಿ ಕಂಪನಿಗಳು, ಬ್ಯಾಂಕುಗಳು, ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿದ ಕಂಪ್ಯೂಟರುಗಳನ್ನು ಒಟ್ಟಿಗೆ ವಿಲೇವಾರಿ ಮಾಡುತ್ತವೆ. ಅವನ್ನು ಕೊಂಡವರು ಒರೆಸಿ, ಪರೀಕ್ಷಿಸಿ, ಕೆಟ್ಟ ಭಾಗ ಬದಲಿಸಿ ಮತ್ತೆ ಮಾರುತ್ತಾರೆ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೈಟ್‌ಬುಕ್ 840 ಜಿ5 ಈ ಸಾಲಿನ ಲ್ಯಾಪ್‌ಟಾಪ್‌ಗಳು. ಡೆಲ್ ಆಪ್ಟಿಪ್ಲೆಕ್ಸ್ 3060, ಎಚ್‌ಪಿ ಪ್ರೊಡೆಸ್ಕ್ 600 ಜಿ4 ಅದೇ ಕಾಲದ ಡೆಸ್ಕ್‌ಟಾಪ್‌ಗಳು. ಎಲ್ಲವೂ ಸುಮಾರು 2018ರ ಮಾದರಿಗಳು. ಕಚೇರಿಯ ದುಡಿತಕ್ಕೆಂದೇ ಗಟ್ಟಿಯಾಗಿ ಕಟ್ಟಿದವು. ಹಳೆಯ ಮಾಲು ಎಂದು ಮೂಗು ಮುರಿಯುವ ಅಗತ್ಯವಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳು ರಿಫರ್ಬಿಷ್ ಮಾಡುವವರನ್ನೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನೋಂದಣಿಯೊಳಗೆ ತಂದಿವೆ. ಇನ್ನೂ ದುಡಿಯಬಲ್ಲ ಯಂತ್ರ ಗುಜರಿಗೆ ಹೋಗದೆ ಒಂದು ಮನೆ ಸೇರುವುದು ಎಲ್ಲ ರೀತಿಯಲ್ಲೂ ಒಳ್ಳೆಯದೇ.

ಗ್ರಾಹಕ ಎಡವುವುದು ಸ್ಟಿಕ್ಕರಿನಲ್ಲಿ. ಲ್ಯಾಪ್‌ಟಾಪಿನ ಮೇಲೂ ‘ಐ5, ಎಂಟನೇ ಜನರೇಷನ್’, ಡೆಸ್ಕ್‌ಟಾಪಿನ ಮೇಲೂ ‘ಐ5, ಎಂಟನೇ ಜನರೇಷನ್’. ಒಳಗಿರುವುದು ಬೇರೆ ಬೇರೆ. ಲ್ಯಾಪ್‌ಟಾಪಿನ ಐ5-8250ಯು ಪ್ರೊಸೆಸರಿನಲ್ಲಿ ನಾಲ್ಕು ಕೋರ್‌ಗಳು, ಮೂಲ ವೇಗ 1.6 ಗಿಗಾಹರ್ಟ್ಜ್, ವಿನ್ಯಾಸದ ವಿದ್ಯುತ್ ಮಿತಿ 15 ವಾಟ್. ಡೆಸ್ಕ್‌ಟಾಪಿನ ಐ5-8500ರಲ್ಲಿ ಆರು ಕೋರ್‌ಗಳು, ಮೂಲ ವೇಗ 3 ಗಿಗಾಹರ್ಟ್ಜ್, ಮಿತಿ 65 ವಾಟ್. ಬ್ಯಾಟರಿ ಉಳಿಸಬೇಕು, ತೆಳುವಾದ ಮೈಯೊಳಗೆ ಬಿಸಿ ಏರಬಾರದು ಎಂಬ ಕಟ್ಟು ಲ್ಯಾಪ್‌ಟಾಪಿಗಿದೆ. ಡೆಸ್ಕ್‌ಟಾಪಿಗೆ ಆ ಕಟ್ಟು ಸಡಿಲ. ಇನ್ನೂ ಕಣ್ಣು ತೆರೆಸುವ ಉದಾಹರಣೆ ಐ7-7500ಯು. ಹೆಸರು ಐ7 ಆದರೂ ಅದರಲ್ಲಿರುವುದು ಎರಡೇ ಕೋರ್. ಅದಕ್ಕಿಂತ ಮುಂದಿನ ವರ್ಷದ ಐ5 ಮೇಲು.

ಎಂಟನೇ ಜನರೇಷನ್ನಿಗಿಂತ ಹಳೆಯದು ಬೇಡ ಎಂಬ ಗೆರೆಗೆ ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಅಧಿಕೃತವಾಗಿ ಬೇಕಾದದ್ದು, ಬೆರಳೆಣಿಕೆಯ ವಿನಾಯಿತಿಗಳನ್ನು ಬಿಟ್ಟರೆ, ಇಂಟೆಲ್‌ನ ಎಂಟನೇ ಜನರೇಷನ್ ಅಥವಾ ಅದರ ನಂತರದ ಪ್ರೊಸೆಸರ್, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಆರನೇ, ಏಳನೇ ಜನರೇಷನ್ನಿನ ಯಂತ್ರಗಳು ಈಗ ಅಗ್ಗವಾಗಿ ಕಾಣುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಿ ಲಿನಕ್ಸ್ ಬಲ್ಲವರಿದ್ದರೆ ಉಬುಂಟು ಅಥವಾ ಲಿನಕ್ಸ್ ಮಿಂಟ್ ಹಾಕಿಕೊಂಡು ಅವನ್ನು ಬಳಸಬಹುದು. ಇಲ್ಲದಿದ್ದರೆ ಅವುಗಳ ತಂಟೆಗೆ ಹೋಗಬಾರದು.

ಇನ್ನು ಸವೆತದ ಮಾತು. ಲ್ಯಾಪ್‌ಟಾಪಿನಲ್ಲಿ ಮೊದಲು ಮುದಿಯಾಗುವುದು ಬ್ಯಾಟರಿ. ಲಿಥಿಯಂ-ಅಯಾನ್ ಬ್ಯಾಟರಿ ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ತಿ ಚಾರ್ಜ್ ಆಗಿ ಖಾಲಿಯಾಗುವಷ್ಟರಲ್ಲಿ ತನ್ನ ಶಕ್ತಿಯ ಐದನೇ ಒಂದು ಭಾಗ ಕಳೆದುಕೊಳ್ಳುತ್ತದೆ. ವರ್ಷಗಟ್ಟಲೆ ಕಚೇರಿಯಲ್ಲಿ ದುಡಿದ ಬ್ಯಾಟರಿಯಲ್ಲಿ ಏನು ಉಳಿದಿರುತ್ತದೆ ಎಂಬುದನ್ನು ಊಹಿಸಬಹುದು. ಅದರ ಬೆನ್ನಿಗೆ ತೆರೆದು ಮುಚ್ಚಿ ಸಡಿಲವಾದ ಹಿಂಜ್, ಸವೆದ ಕೀಬೋರ್ಡ್, ದೂಳು ತುಂಬಿದ ಫ್ಯಾನ್, ಅಲುಗಾಡುವ ಚಾರ್ಜಿಂಗ್ ಪಿನ್. ಇವೆಲ್ಲ ಒಂದೇ ಮೈಗೆ ಅಂಟಿಕೊಂಡಿರುವುದರಿಂದ ಒಂದು ಕೆಟ್ಟರೆ ಇಡೀ ಯಂತ್ರ ರಿಪೇರಿ ಅಂಗಡಿಯ ಮೇಜಿನ ಮೇಲೆ ಮಲಗುತ್ತದೆ.

ಡೆಸ್ಕ್‌ಟಾಪಿನ ಸಂಸಾರ ಬೇರೆ ಬೇರೆ. ಕೀಬೋರ್ಡ್ ಹೋದರೆ ಕೆಲವು ನೂರು ರೂಪಾಯಿಗೆ ಹೊಸದು. ಮಾನಿಟರ್ ಕೆಟ್ಟರೆ ಸಿಪಿಯು ಪೆಟ್ಟಿಗೆಗೆ ಏನೂ ಆಗುವುದಿಲ್ಲ. ರ‍್ಯಾಮ್ ಸೇರಿಸುವುದು, ಎಸ್‌ಎಸ್‌ಡಿ ಬದಲಿಸುವುದು ತಾಲ್ಲೂಕು ಕೇಂದ್ರದ ಯಾವ ಮೆಕ್ಯಾನಿಕ್‌ಗೂ ಗೊತ್ತಿರುವ ಕೆಲಸ. ಆದರೆ ಒಂದು ಎಚ್ಚರ ಬೇಕು: ಕಂಪನಿ ಬ್ರ್ಯಾಂಡಿನ ಸಣ್ಣ ಪೆಟ್ಟಿಗೆಗಳಲ್ಲಿ ಪವರ್ ಸಪ್ಲೈ ಮತ್ತು ಮದರ್‌ಬೋರ್ಡ್ ಆಯಾ ಕಂಪನಿಯ ಅಳತೆಯವು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಪವರ್ ಸಪ್ಲೈ ಅವಕ್ಕೆ ಕೂರದಿರಬಹುದು.

ಕೂರುವ ಭಂಗಿಯೂ ಗಣನೆಗೆ ಬರಬೇಕು. ಲ್ಯಾಪ್‌ಟಾಪಿನ ಪರದೆ ಕೀಬೋರ್ಡಿಗೆ ಅಂಟಿರುವುದರಿಂದ ಗಂಟೆಗಟ್ಟಲೆ ಓದುವ ಮಗು ಕತ್ತು ಬಗ್ಗಿಸಿಯೇ ಕೂರುತ್ತದೆ. ಮಾನಿಟರನ್ನು ಕಣ್ಣಿನ ಮಟ್ಟಕ್ಕೆ ಏರಿಸಬಹುದು. ಬಿ.ಕಾಂ. ಓದುವವರಿಗೆ ಇನ್ನೊಂದು ಅನುಕೂಲವಿದೆ: ಟ್ಯಾಲಿಯಲ್ಲಿ ವೋಚರ್ ಮೇಲೆ ವೋಚರ್ ನಮೂದಿಸಲು ಬಲಬದಿಯ ಅಂಕಿ ಕೀಲಿಗಳು ಬೇಕೇ ಬೇಕು. ಮೇಲೆ ಹೆಸರಿಸಿದ ಹದಿನಾಲ್ಕು ಇಂಚಿನ ಲ್ಯಾಪ್‌ಟಾಪ್‌ಗಳಲ್ಲಿ ಅವು ಇಲ್ಲ. ಮಗಳ ಅಸೈನ್‌ಮೆಂಟ್, ತಮ್ಮನ ಪಾಠ, ಅಪ್ಪನ ಅಂಗಡಿ ಲೆಕ್ಕ, ಅಮ್ಮನ ಸಂಘದ ಲೆಕ್ಕಪತ್ರ ಎಲ್ಲವೂ ಒಂದೇ ಯಂತ್ರದಲ್ಲಿ ನಡೆಯುವ ಮನೆಗೆ ದೊಡ್ಡ ಪರದೆ, ಪೂರ್ಣ ಕೀಬೋರ್ಡ್ ಎಷ್ಟು ಉಪಕಾರಿ ಎಂದು ಬಳಸಿದವರಿಗೆ ಗೊತ್ತು.

ಲ್ಯಾಪ್‌ಟಾಪಿನ ಪರವಾದ ಅತಿ ಬಲವಾದ ವಾದ ಕರೆಂಟಿನದು. ಹೇಳದೆ ಕೇಳದೆ ಕರೆಂಟು ಹೋಗುವ ಊರುಗಳಲ್ಲಿ ಡೆಸ್ಕ್‌ಟಾಪಿಗೆ ಯುಪಿಎಸ್ ಬೇಕು. ಸಾಮಾನ್ಯ 600 ವಿಎ ಯುಪಿಎಸ್ ಹತ್ತು-ಹದಿನೈದು ನಿಮಿಷ ತಡೆಯುತ್ತದೆ. ಕೆಲಸ ಸೇವ್ ಮಾಡಿ ಮುಚ್ಚಲು ಸಾಕು, ಪರೀಕ್ಷೆ ಮುಗಿಸಲು ಸಾಲದು. ಬಿಲ್ಲಿನಲ್ಲೂ ವ್ಯತ್ಯಾಸವಿದೆ. ಮಾನಿಟರ್ ಸೇರಿ 80 ವಾಟ್ ಎಳೆಯುವ ಡೆಸ್ಕ್‌ಟಾಪ್ ದಿನಕ್ಕೆ ಐದು ಗಂಟೆ ನಡೆದರೆ ತಿಂಗಳಿಗೆ 12 ಯೂನಿಟ್. 25 ವಾಟಿನ ಲ್ಯಾಪ್‌ಟಾಪಿಗೆ ನಾಲ್ಕು ಯೂನಿಟ್ ಸಾಕು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಮಿತಿಯ ಅಂಚಿನಲ್ಲಿರುವ ಮನೆಗಳು ಈ ಲೆಕ್ಕ ಹಾಕಿಕೊಳ್ಳಲೇಬೇಕು. ಇಂಥ ಮನೆಗಳಿಗೊಂದು ನಡುದಾರಿಯಿದೆ: ಆಪ್ಟಿಪ್ಲೆಕ್ಸ್ ಮೈಕ್ರೋ, ಥಿಂಕ್‌ಸೆಂಟರ್ ಟೈನಿಯಂಥ ಪುಟ್ಟ ಡೆಸ್ಕ್‌ಟಾಪ್‌ಗಳು. ಅವುಗಳಲ್ಲಿ ಹೆಚ್ಚಾಗಿ ಐ5-8500ಟಿಯಂಥ 35 ವಾಟ್ ಮಿತಿಯ ಪ್ರೊಸೆಸರ್ ಇರುತ್ತದೆ. ಕೋರ್‌ಗಳು ಆರೇ. ಮಾನಿಟರಿನ ಬೆನ್ನಿಗೆ ಕಟ್ಟಿಬಿಡಬಹುದು, ಮನೆಯ ಇನ್ವರ್ಟರಿಗೂ ಭಾರವಾಗುವುದಿಲ್ಲ.

ಹಾಗಾದರೆ ಲ್ಯಾಪ್‌ಟಾಪ್ ಯಾರಿಗೆ? ಹಾಸ್ಟೆಲಿನಲ್ಲೋ ಪಿಜಿಯಲ್ಲೋ ಇದ್ದು ಓದುವವರಿಗೆ, ಕಾಲೇಜಿನ ಲ್ಯಾಬಿಗೆ ದಿನವೂ ಯಂತ್ರ ಒಯ್ಯಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ, ಊರೂರು ತಿರುಗಿ ಕೆಲಸ ಮಾಡುವವರಿಗೆ. ಇವರಿಗೆ ಡೆಸ್ಕ್‌ಟಾಪ್ ಕೊಳ್ಳಿ ಎನ್ನುವುದು ಅವಿವೇಕ. ಟಿ480ರ ಹೊರ ಬ್ಯಾಟರಿಯನ್ನು ಕೈಯಲ್ಲೇ ತೆಗೆದು ಹೊಸದು ಹಾಕಬಹುದು. ರ‍್ಯಾಮ್‌ಗೆ ಎರಡು ಸ್ಲಾಟುಗಳಿವೆ. ಇಂಥ ಬಿಚ್ಚಿ ಜೋಡಿಸಬಹುದಾದ ಮಾದರಿಯನ್ನೇ ಆರಿಸಬೇಕು.

ಡೆಸ್ಕ್‌ಟಾಪ್ ಕೊಳ್ಳುವವರು ಸಿಪಿಯು ಪೆಟ್ಟಿಗೆಯ ಬೆಲೆ ನೋಡಿ ಹಿಗ್ಗಬಾರದು. ಮಾನಿಟರ್, ಕೀಬೋರ್ಡ್, ಮೌಸ್, ಯುಪಿಎಸ್, ವೆಬ್‌ಕ್ಯಾಮ್, ಸ್ಪೀಕರ್, ಎಷ್ಟೋ ಬಾರಿ ವೈಫೈ ಡಾಂಗಲ್ ಕೂಡ ಬೇರೆಯಾಗಿ ಕೊಳ್ಳಬೇಕು. ಇವೆಲ್ಲ ಕೂಡಿಸಿದ ಮೊತ್ತವನ್ನೇ ಲ್ಯಾಪ್‌ಟಾಪಿನ ಬೆಲೆಯ ಪಕ್ಕ ಇಟ್ಟು ತೂಗಬೇಕು. ಹಳೆಯ ಮಾನಿಟರ್ ಮನೆಯಲ್ಲೇ ಇದ್ದರೆ ತಕ್ಕಡಿ ಡೆಸ್ಕ್‌ಟಾಪಿನ ಕಡೆಗೆ ಇನ್ನಷ್ಟು ವಾಲುತ್ತದೆ.

ಯಾವುದನ್ನೇ ಕೊಂಡರೂ ಅಂಗಡಿಯಲ್ಲಿ ಅರ್ಧ ಗಂಟೆ ಕೂರಬೇಕು. ಪ್ರೊಸೆಸರಿನ ಪೂರ್ತಿ ಹೆಸರು ಓದಬೇಕು. 8 ಜಿಬಿಗೆ ಕಡಿಮೆ ರ‍್ಯಾಮ್, ಎಸ್‌ಎಸ್‌ಡಿ ಇಲ್ಲದ ಯಂತ್ರ ಬೇಡ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿರುವುದರಿಂದ, 16 ಜಿಬಿ ಇರುವ ಯಂತ್ರ ಸ್ವಲ್ಪ ಹೆಚ್ಚಿನ ಬೆಲೆಗೆ ಸಿಕ್ಕರೂ ಬಿಡಬಾರದು. ಲ್ಯಾಪ್‌ಟಾಪ್ ಆದರೆ ವಿಂಡೋಸಿನಲ್ಲೇ ಬ್ಯಾಟರಿ ರಿಪೋರ್ಟ್ ತೆಗೆಸಿ, ಮೂಲ ಸಾಮರ್ಥ್ಯಕ್ಕೂ ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯಕ್ಕೂ ಇರುವ ಅಂತರ ನೋಡಬೇಕು. ಹಿಂದಿನ ಕಂಪನಿಯ ಬಯಾಸ್ ಪಾಸ್‌ವರ್ಡ್ ಉಳಿದಿದೆಯೇ ಎಂದು ಯಂತ್ರವನ್ನು ಮರುಚಾಲನೆ ಮಾಡಿಸಿ ಪರೀಕ್ಷಿಸಬೇಕು; ಆ ಬೀಗವನ್ನು ಆಮೇಲೆ ಬಿಡಿಸುವುದು ಬಹಳ ಕಷ್ಟ. ವಿಂಡೋಸ್ ಅಸಲಿ ಲೈಸೆನ್ಸಿನದೇ ಎಂಬುದೂ ಅಲ್ಲೇ ಖಚಿತವಾಗಬೇಕು.

ಕೊನೆಯದಾಗಿ, ಬಿಲ್ಲು. ಯಂತ್ರದ ಸೀರಿಯಲ್ ನಂಬರ್, ವಾರಂಟಿಯ ಅವಧಿ ಬರೆದ ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಕೊಡಬಾರದು. ಗ್ರಾಹಕರ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಕೈಯಲ್ಲಿ ಬಿಲ್ಲಿದ್ದರೆ ಮಾತ್ರ ಮಾತಿಗೆ ಬಲ. ಯಂತ್ರ ದಿನವೂ ಮನೆಯಿಂದ ಹೊರಗೆ ಹೋಗುವುದಾದರೆ ಒಳ್ಳೆಯ ಲ್ಯಾಪ್‌ಟಾಪನ್ನೇ ಹುಡುಕಿ. ಮನೆಯಲ್ಲೇ ಇರುವುದಾದರೆ, ಮುಂದಿನ ಬಾರಿ ಅಂಗಡಿಗೆ ಹೋದಾಗ ಡೆಸ್ಕ್‌ಟಾಪ್ ತೋರಿಸಿ ಎಂದು ನೀವೇ ಕೇಳಿ.