ಯಾವ ವಿಭಾಗ, ಯಾರಿಗಾಗಿ?

ಎಂ.ಬಿ.ಬಿ.ಎಸ್. ಮುಗಿಸಿದ ಮಗನೋ ಮಗಳೋ ಇರುವ ನಮ್ಮ ಕುಟುಂಬಗಳಲ್ಲಿ "ಯಾವ ರೋಗಿಗಳ ಸೇವೆ ಮಾಡಬೇಕೆಂದಿರುವೆ?" ಎಂದು ಕೇಳುವವರು ವಿರಳ. "ಯಾವ ಸೀಟು ಸಿಕ್ಕೀತು?" ಎಂಬುದೇ ಎಲ್ಲರ ಪ್ರಶ್ನೆ. ನೀಟ್-ಪಿ.ಜಿ. ಪರೀಕ್ಷೆಯ ರ‍್ಯಾಂಕು ಬಹುಮಟ್ಟಿಗೆ ಅದಕ್ಕೆ ಉತ್ತರ ಹೇಳಿಬಿಡುತ್ತದೆ. ಮುಂದಿನ ಸಾಲಿನವರು ರೇಡಿಯಾಲಜಿ, ಚರ್ಮರೋಗ ಮುಂತಾದ ವಿಭಾಗಗಳನ್ನು ಆಯ್ದುಕೊಳ್ಳುತ್ತಾರೆ. ಅಂಗರಚನಾಶಾಸ್ತ್ರದಂತಹ ಸೀಟುಗಳು ಖಾಲಿ ಉಳಿಯುತ್ತವೆ. 2023ರಲ್ಲಿ ಅರ್ಹತೆಯ ಪರ್ಸೆಂಟೈಲನ್ನು ಸೊನ್ನೆಗೇ ಇಳಿಸಲಾಯಿತು!

ಯುವಜನರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಸಾಲ ಮಾಡಿ ಓದಿದವರು ಆದಾಯವನ್ನೂ ರಾತ್ರಿಯ ನಿದ್ದೆಯನ್ನೂ ಲೆಕ್ಕ ಹಾಕುವುದು ಸಹಜ. ಆದರೆ ಇದೇ ಪ್ರಶ್ನೆಯನ್ನು ಚಳ್ಳಕೆರೆ ತಾಲ್ಲೂಕಿನ ನನ್ನಿವಾಳದಂತಹ ಹಳ್ಳಿಯಲ್ಲಿ ನಿಂತು ಕೇಳಿದರೆ ಅದರ ಸ್ವರೂಪವೇ ಬೇರೆಯಾಗುತ್ತದೆ. ಹೆರಿಗೆ ಕಷ್ಟವಾದ ತಾಯಿಗೆ ಶಸ್ತ್ರಚಿಕಿತ್ಸೆ ನಡೆಯಬೇಕಾದರೆ ಪ್ರಸೂತಿ ತಜ್ಞರೊಬ್ಬರಿದ್ದರೆ ಸಾಲದು. ಅರಿವಳಿಕೆ ಕೊಡುವವರು ಬೇಕು, ಕೂಸನ್ನು ನೋಡಿಕೊಳ್ಳುವವರು ಬೇಕು. ಚಳ್ಳಕೆರೆಯಲ್ಲಿ ಈ ಮೂವರಲ್ಲಿ ಒಬ್ಬರು ದೊರೆಯದ ರಾತ್ರಿ, ವಾಹನವು ಸುಮಾರು 30 ಕಿಲೋಮೀಟರ್ ದೂರದ ಚಿತ್ರದುರ್ಗದತ್ತ ಹೊರಡಬೇಕಾಗುತ್ತದೆ. ಇನ್ನು ಶೇಂಗಾ ಹೊಲದಲ್ಲಿ ಹಾವು ಕಚ್ಚಿದವನಿಗೆ ಮೊದಲು ಬೇಕಾಗಿರುವುದು ವಿಷನಿರೋಧಕ ಔಷಧ ಮತ್ತು ಅದನ್ನು ಕೊಡಲು ಅಂಜದ ಸಾಮಾನ್ಯ ವೈದ್ಯ. ಹೀಗಿರುವಾಗ ಅರಿವಳಿಕೆ ಶಾಸ್ತ್ರ ಆಯ್ದ ಹುಡುಗಿಯನ್ನು "ಬೇರೇನೂ ಸಿಗಲಿಲ್ಲವೇ?" ಎಂದು ಕನಿಕರದಿಂದ ಕೇಳುವ ಬಂಧುಗಳಿಗೆ ಏನೆನ್ನೋಣ?

ಮೇರಿ ಗ್ಲೌರಿಯವರು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನೇತ್ರವೈದ್ಯೆಯಾಗಿ ನೆಲೆಗೊಂಡಿದ್ದವರು. ಮಹಿಳಾ ವೈದ್ಯರಿಲ್ಲದೆ ಭಾರತದ ತಾಯಂದಿರು ಪಡುತ್ತಿದ್ದ ಪಾಡನ್ನು, ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರನ್ ಅವರನ್ನು ಕುರಿತ ಕಿರುಪುಸ್ತಕವೊಂದರಲ್ಲಿ 1915ರಲ್ಲಿ ಅವರು ಓದಿದರು. ಬಳಿಕ ನೇತ್ರವಿಜ್ಞಾನದ ಜೊತೆಗೆ ಪ್ರಸೂತಿ ಮತ್ತು ಸ್ತ್ರೀರೋಗ ಶಾಸ್ತ್ರಗಳಲ್ಲಿಯೂ ಪರಿಣತಿ ಪಡೆದು 1919ರಲ್ಲಿ ಎಂ.ಡಿ. ಆದರು, 1920ರಲ್ಲಿ ಗುಂಟೂರಿಗೆ ಬಂದರು. ಧರ್ಮಭಗಿನಿಯರು ವೈದ್ಯವೃತ್ತಿ ನಡೆಸಲು ಧರ್ಮಸಭೆಯ ನಿಯಮ ಅಡ್ಡಿಯಾಗಿದ್ದ ಕಾಲವದು; ಜಗದ್ಗುರುಗಳ ವಿಶೇಷ ಅನುಮತಿ ಬೇಕಾಯಿತು. ಕ್ಯಾಥೋಲಿಕ್ ಆಸ್ಪತ್ರೆಗಳ ಸಂಘವನ್ನು 1943ರಲ್ಲಿ ಕಟ್ಟಿದವರೂ ಅವರೇ. ಅವರು ಅಗತ್ಯವನ್ನು ಮೊದಲು ಕಂಡರು, ಪದವಿಯನ್ನು ಆಮೇಲೆ ಆರಿಸಿಕೊಂಡರು.

1963ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ತನ್ನ ಪದವೀಧರರನ್ನು ಗ್ರಾಮೀಣ ಆಸ್ಪತ್ರೆಗಳ ಸೇವೆಗೆ ಕಳುಹಿಸುವ ಕ್ರಮವನ್ನು ನಾವು ಮೆಚ್ಚುವುದೂ ಈ ಕಾರಣದಿಂದಲೇ. ಬಡವರಿಗೆ ಆಗುವ ಉಪಕಾರ ಒಂದು ಕಡೆಗಿರಲಿ, ತನ್ನ ಕೈ ಯಾವ ಕೆಲಸಕ್ಕೆ ಒಗ್ಗುತ್ತದೆ ಎಂಬುದು ತರುಣ ವೈದ್ಯನಿಗೆ ತಿಳಿಯುವುದು ಅಲ್ಲಿಯೇ. ಈಗ ಪ್ರವೇಶ ಪರೀಕ್ಷೆಯ ಪಾಠಗಳು ಮೊಬೈಲಿನ ಮೂಲಕ ಅಲ್ಲಿಗೂ ಬೆನ್ನಟ್ಟಿ ಬರುತ್ತಿವೆಯೆಂಬುದು ಬೇರೆ ಮಾತು. ಕೋಚಿಂಗ್ ಶುಲ್ಕ ಕಟ್ಟುವ ಮುನ್ನ ಕೆಲವು ತಿಂಗಳಾದರೂ ಮಕ್ಕಳು ಅಂತಹ ಸಣ್ಣ ಆಸ್ಪತ್ರೆಯೊಂದರಲ್ಲಿ ದುಡಿಯಲು ತಂದೆತಾಯಿಗಳು ಒಪ್ಪಬೇಕು. ಅದರಿಂದ ಒಂದು ವರ್ಷ ಹಿಂದೆ ಬಿದ್ದರೂ ಚಿಂತೆಯಿಲ್ಲ. ಅಲ್ಲಿಂದ ಮರಳಿದ ಮೇಲೂ ಮಗ ರೇಡಿಯಾಲಜಿಯನ್ನೇ ಬಯಸಿದರೆ ಸಂತೋಷದಿಂದ ಓದಿಸಿರಿ.